ಮೊದಲ ಗುದ್ದಲಿ

ಒತ್ತಾಯದ ದುಡಿಮೆಯ ವಿರುದ್ಧ ಇರುವ ಕಾನೂನುಗಳಲ್ಲಿ ಒಂದು ಸಾಲು ನನಗೆ ಬಾಯಿಪಾಠ. ಪರಿಶಿಷ್ಟರಿಂದ ಬಿಟ್ಟಿ ಚಾಕರಿ ಮಾಡಿಸುವುದು, ಸತ್ತ ದನ ಹೊರಿಸುವುದು, ಬಲವಂತದಿಂದ ಕುಣಿ ತೋಡಿಸುವುದು ಅಪರಾಧ, ಮಾಡಿಸಿದವರಿಗೆ ಜೈಲು. ಹೆಣ ಹೂಳುವ ಗುಂಡಿಗೆ ನಮ್ಮ ಕಡೆ ಕುಣಿ ಅನ್ನುತ್ತಾರೆ. ನಾನು ಹುಮನಾಬಾದಿನಲ್ಲಿ ವಕೀಲೆ. ಕಾನೂನು ಅರಿವಿನ ಸಭೆಗಳಿಗೆ ನನ್ನನ್ನು ಕರೆಯುವುದು ನನ್ನ ಗಂಟಲು ದೊಡ್ಡದೆಂಬ ಕಾರಣಕ್ಕೇ ಇರಬೇಕು, ಮೈಕು ಕೈಕೊಟ್ಟರೂ ಸಭೆ ನಡೆದುಹೋಗುತ್ತದೆ. ಆ ಸಾಲು ಬಂದಾಗ ನಾನು ಚೂರು ನಿಂತು, ಎಲ್ಲರ ಮೇಲೆ ಒಮ್ಮೆ ಕಣ್ಣಾಡಿಸಿ, ‘ಕುಣಿ’ ಅನ್ನುವುದನ್ನು ಒತ್ತಿ ಹೇಳುತ್ತಿದ್ದೆ. ಮೊಬೈಲ್ ನೋಡುತ್ತ ಕೂತವರೂ ತಲೆ ಎತ್ತುತ್ತಿದ್ದರು. ಹಾಗೆ ಎತ್ತುವುದು ನನಗೆ ಬಹಳ ಹಿಡಿಸುತ್ತಿತ್ತು.

ಬಸವಕಲ್ಯಾಣದಲ್ಲಿ ಇಂಥದೇ ಒಂದು ಸಭೆ ಮುಗಿಯುವ ಹೊತ್ತಿಗೆ, ಚಹಾದ ಕೆಟಲ್ ಆಗಲೇ ಒಳಗೆ ಬಂದಿತ್ತು, ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ನೋಡಿದ ಕೂಡಲೇ ಗುರುತು ಸಿಕ್ಕಿತು. ನಮ್ಮ ಊರಿನವರು, ಪ್ರಾಥಮಿಕ ಶಾಲೆಯಲ್ಲಿ ನನಗಿಂತ ಒಂದು ವರ್ಗ ಮುಂದೆ ಇದ್ದವರು. ಈಗ ಬಸವಕಲ್ಯಾಣದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡುತ್ತಾರೆ. ಇಲ್ಲಿ ಅವರನ್ನು ಬಹುವಚನದಲ್ಲಿ ಬರೆಯುತ್ತಿದ್ದೇನೆ. ಊರಲ್ಲಿ ನಮ್ಮ ಮನೆಯ ಮಾತು ಬಾರದ ಕೂಸೂ ಅವರನ್ನು ‘ಲೇ’ ಎಂದೇ ಕರೆಯುವುದು ಕಲಿಯುತ್ತದೆ.

“ಮೇಡಂ, ಒಬ್ಬರು ನಿಂತು ಮಾಡಿಸಿದ್ರ ಅವರ ಮ್ಯಾಲ ಕೇಸ್ ಆಗ್ತದ ಅಂದ್ರಿ. ಊರಿಗೆ ಊರೇ ಸುಮ್ಮ ನಿಂತು ಮಾಡಿಸಿದ್ರ ಯಾರ ಮ್ಯಾಲ ಮಾಡಬೇಕ್ರಿ?”

“ಯಾರ ಬಾಯಿಂದ ಮಾತು ಬಂತೋ ಅವರ ಹೆಸರು ಬರೀರಿ” ಎಂದೆ. “ಉಳಿದವರು ಸಾಕ್ಷಿ ಆಗ್ತಾರ.”

“ಆಗ್ತಾರೇನ್ರಿ?” ಎಂದು ಕೇಳಿ ಅವರು ಕೂತುಬಿಟ್ಟರು. ಸಭೆಯಲ್ಲಿ ನಗು ಎದ್ದಿತು. ನಾನೂ ನಕ್ಕೆ.

ನಗಬಾರದಿತ್ತು, ಯಾಕೆಂದರೆ ಅವರು ಯಾವ ಊರಿನ ಮಾತು ಕೇಳುತ್ತಿದ್ದಾರೆಂದು ಆ ಸಭೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ನಮ್ಮ ಮನೆಯಲ್ಲಿ ಸತ್ತವರಿಗೆ ಕುಣಿ ತೋಡುತ್ತ ಬಂದದ್ದು ಅವರ ಮನೆಯೇ. ನಮ್ಮ ಅಜ್ಜನಿಗೆ ಅವರ ಅಜ್ಜ, ನಮ್ಮ ಅಜ್ಜಿಗೆ ಅವರ ಅಪ್ಪ. ನಮ್ಮಲ್ಲಿ ಹೆಣವನ್ನು ಕೂರಿಸಿ ಹೂಳುತ್ತಾರೆ, ಕುಣಿ ಆಳೆತ್ತರ ಆಗಬೇಕು. ಅದಕ್ಕೆ ಕೂಲಿ ಅಂತ ಯಾವತ್ತೂ ಇರಲಿಲ್ಲ. ಸುಗ್ಗಿಯಲ್ಲಿ ಕಣದ ಮೂಲೆಯ ಒಂದಿಷ್ಟು ಜೋಳ, ಮಣ್ಣಾದ ಮೂರನೇ ದಿನ ಒಂದು ಮರ ಜೋಳ, ಮೇಲೊಂದು ಸೀರೆ. ನಮ್ಮ ಕಡೆ ಮರ ಅಂದರೆ ಮೊರ. ಬೇರೆಯವರ ಮುಂದೆ ಅವರ ಮಾತು ಬಂದರೆ ನಾವು ‘ನಮ್ಮ ಮನಿ ಮಂದಿ’ ಅನ್ನುತ್ತಿದ್ದೆವು. ಎಷ್ಟು ಪ್ರೀತಿಯ ಮಾತು ಅದು ಅಂತ ಚಿಕ್ಕವಳಿದ್ದಾಗ ನಾನು ಅಂದುಕೊಂಡಿದ್ದೆ.

ಅವರ ಅಪ್ಪ ತೀರಿದ ಮೇಲೆ ಅವರು ನಮ್ಮ ಅಂಗಳಕ್ಕೆ ಬಂದು, ನಾವು ಬುದ್ಧನ ದಾರಿ ಹಿಡಿದೀವಿ, ಇನ್ನು ಈ ಕೆಲಸ ನಮ್ಮ ಕೈಲಿ ಆಗೋದಿಲ್ಲ ಎಂದು ಹೇಳಿ ಹೋಗಿದ್ದರು. ನನ್ನ ಅಪ್ಪ ಎಲೆ ಅಡಿಕೆ ಅಗಿಯುತ್ತಲೇ “ನಾ ಇರೋತನ ನೋಡೋಣ ಬಿಡು” ಎಂದಿದ್ದ. ಅಪ್ಪ ಒಪ್ಪಿದನೆಂದು ಎಲ್ಲರೂ ತಿಳಿದರು. ಅಪ್ಪ ಒಪ್ಪಿರಲಿಲ್ಲ, ತಾನು ಸಾಯುವತನಕ ಆ ಮಾತನ್ನು ಮುಂದೆ ಹಾಕಿದ್ದ ಅಷ್ಟೆ. ವಕೀಲೆಯಾದ ನನಗೂ ಅದು ಆಗ ತಿಳಿಯಲಿಲ್ಲ.

ಅದೇ ಸುಮಾರಿಗೆ ಊರಿಗೆ ಜೆಸಿಬಿ ಬಂತು. ಆಮೇಲೆ ಯಾರ ಕುಣಿಯನ್ನೂ ಕೈಯಲ್ಲಿ ತೋಡುವ ಕಷ್ಟ ಉಳಿಯಲಿಲ್ಲ. ಅದು ನಾಲ್ಕು ಸಲ ಬಾಯಿ ಹಾಕಿದರೆ ಮುಗಿಯಿತು. ಆದರೆ ಮೊದಲ ಗುದ್ದಲಿ ಮಾತ್ರ ಆಯಾ ಮನೆಗೆ ಹಿಂದಿನಿಂದ ತೋಡುತ್ತ ಬಂದವರೇ ಹಾಕಬೇಕು, ಇಲ್ಲದಿದ್ದರೆ ಸತ್ತವರಿಗೆ ಮಣ್ಣು ಹತ್ತುವುದಿಲ್ಲ ಎಂದು ಹಿರಿಯರು ಹಿಡಿದು ಕೂತರು. ಕೆಲಸ ಹೋಯಿತು, ಕರೆ ಹೋಗಲಿಲ್ಲ. ಒಂದು ಪೆಟ್ಟು ಗುದ್ದಲಿ ಹಾಕಿಸಲು ಕಲಬುರಗಿಯಿಂದ ಜನರನ್ನು ಕರೆಸಿದ್ದೂ ಉಂಟು. ಇದು ಬಿಟ್ಟಿ ಚಾಕರಿ ಎಂದು ಯಾರಿಗೂ ಅನಿಸಲಿಲ್ಲ, ಯಾಕೆಂದರೆ ಇದರಲ್ಲಿ ಬೆವರೇ ಇರಲಿಲ್ಲ.

ಆ ಸಭೆಯಾದ ಮುಂದಿನ ತೊಗರಿ ಕಟಾವಿನ ಹೊತ್ತಿಗೆ ಅಪ್ಪ ತೀರಿಕೊಂಡ. ಬೆಳಗಾಗುವಾಗ ಅಣ್ಣನ ಫೋನ್ ಬಂತು. ನಾನು ಹುಮನಾಬಾದಿನಿಂದ ಹೋಗಿ ಮುಟ್ಟುವುದರೊಳಗೆ ಅಪ್ಪನನ್ನು ಪಡಸಾಲೆಯಲ್ಲಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಆನಿಸಿದ್ದರು. ಅವ್ವನ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ಮಧ್ಯಾಹ್ನದ ಸುಮಾರಿಗೆ ಜೆಸಿಬಿಯ ಸದ್ದು ಕೇಳಿ ಹೊರಗೆ ಬಂದೆ. ನಮ್ಮ ಹೊಲ ಮನೆಯ ಹಿಂದಿನಿಂದಲೇ ಶುರುವಾಗುತ್ತದೆ. ಅಜ್ಜ ಅಜ್ಜಿ ಇರುವ ಮೂಲೆಯಲ್ಲೇ ಅಪ್ಪನಿಗೂ ಜಾಗ ಹಿಡಿದಿದ್ದರು. ಜೆಸಿಬಿ ಅಲ್ಲಿ ನಿಂತಿತ್ತು, ತೋಡುತ್ತಿರಲಿಲ್ಲ. ಡ್ರೈವರ್ ಗುಟ್ಕಾ ಅಗಿಯುತ್ತ ಕೂತಿದ್ದ. ಅಣ್ಣ ಬದುವಿನ ಮೇಲೆ ಫೋನ್ ಹಿಡಿದು ನಿಂತಿದ್ದ, ಸುತ್ತ ಊರ ಹಿರಿಯರು.

ಯಾರಿಗಾಗಿ ಕಾಯುತ್ತಿದ್ದಾರೆಂದು ನನಗೆ ಹೊಳೆಯಿತು. ಹತ್ತಿರ ಹೋಗಿ, “ಅಣ್ಣಾ, ಮಷೀನ್ ಬಂದದಲ್ಲ, ತೋಡಸು. ಅವರನ್ನ ಯಾಕ ಕರಸ್ತಿ?” ಎಂದೆ.

“ಇದು ನಿನ್ನ ಕೋರ್ಟ್ ಅಲ್ಲ ತಂಗಿ. ಅಪ್ಪನ ಮಣ್ಣು” ಎಂದ ಅಣ್ಣ. “ಒಂದು ಗುದ್ದಲಿ ಹಾಕಾಕ ಏನು ಜೀವ ಹೋಗ್ತದ?”

ಹಿರಿಯರೊಬ್ಬರು ಸಮಾಧಾನದ ದನಿಯಲ್ಲಿ, “ಅದು ಬಿಟ್ಟಿ ಅಲ್ಲ ಯವ್ವ, ಅವರಿಗಿರೋ ಮಾನ ಅದು. ಶರಣರ ನಾಡಾಗ ಹುಟ್ಟಿ ಕಾಯಕಕ್ಕ ಹೀಂಗ ಅಂತಾರೇನು?” ಎಂದರು. ಆ ಮಾನವನ್ನು ನಿಮ್ಮ ಮಗನಿಗೆ ಕೊಡಿಸಿ ಅಂತ ಬಾಯಿತನಕ ಬಂತು. ನುಂಗಿಕೊಂಡೆ. ಮೈಕು ಬೇಡದ ಗಂಟಲು ನನ್ನದು.

ಅಷ್ಟರಲ್ಲಿ ಅಣ್ಣನಿಗೆ ಫೋನಿನಲ್ಲಿ ಅವರು ಸಿಕ್ಕರು. ಆ ಕಡೆಯಿಂದ ಬರುವುದಿಲ್ಲ ಎಂದಿರಬೇಕು. ಅಣ್ಣ ಕೂಗಾಡಲಿಲ್ಲ, ಎಂದಿನ ದನಿಯಲ್ಲೇ ಹೇಳಿದ: “ಬರಬ್ಯಾಡ ಹಂಗಾದ್ರ. ನಾಳಿಂದ ನಿಮ್ಮವ್ವ ಹೊಲಕ್ಕ ಯಾವ ದಾರಿಲೆ ಹೋಗ್ತಾಳ ನಾನೂ ನೋಡ್ತೀನಿ.” ಅವರ ತುಂಡು ಹೊಲ ನಮ್ಮ ಹೊಲದ ಆಚೆ ಇದೆ, ನಮ್ಮ ಬದುವಿನ ಹೊರತು ಅದಕ್ಕೆ ದಾರಿಯಿಲ್ಲ. ಅವರ ತೊಗರಿ ಕೊಯ್ದು ಅಲ್ಲೇ ಬಣವಿ ಹಾಕಿದ್ದರು, ಒಕ್ಕಿ ರಾಶಿ ಮಾಡುವುದು ಇನ್ನೂ ಆಗಿರಲಿಲ್ಲ. ಆ ಮಾತನ್ನು ನಾನು ಅಣ್ಣನ ಮಗ್ಗುಲಲ್ಲೇ ನಿಂತು ಕೇಳಿದೆ. ಸಭೆಗಳಲ್ಲಿ ನಾನು ವಿವರಿಸುವ ಅಪರಾಧ ಅದೇ, ಒಂದು ಅಕ್ಷರ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಅವರು ಮೋಟಾರ್ ಸೈಕಲ್ ಮೇಲೆ ಬಂದರು, ವರ್ಕ್‌ಶಾಪಿನ ಬಟ್ಟೆಯಲ್ಲೇ. ಯಾರೋ ನಮ್ಮ ಮನೆಯ ಗುದ್ದಲಿಯನ್ನು ಕೈಗೆ ಕೊಡದೆ ಮುಂದೆ ನೆಲದ ಮೇಲೆ ಇಟ್ಟರು. ಅವರು ಅದನ್ನು ಎತ್ತಿಕೊಂಡು ಸುತ್ತ ನಿಂತವರನ್ನೆಲ್ಲ ಒಮ್ಮೆ ನೋಡಿದರು. ನನ್ನ ಮೇಲೂ ಕಣ್ಣು ಬಂತು, ನಿಲ್ಲಲಿಲ್ಲ. ಒಂದು ಪೆಟ್ಟು ಹಾಕಿದರು. ಗುದ್ದಲಿಯನ್ನು ಅಲ್ಲೇ ಬಿಟ್ಟು ಹೊರಟುಹೋದರು. ಜೆಸಿಬಿ ಬಾಯಿ ತೆರೆದು ಕೆಲಸ ಶುರು ಮಾಡಿತು.

ಆ ಗಳಿಗೆಯಲ್ಲಿ ನನ್ನ ತಲೆಯೊಳಗೆ ಏನಾಯಿತೆಂದು ಬರೆಯಲು ನಾಚಿಕೆಯಾಗುತ್ತದೆ. ಒಳಗೆ ಅಪ್ಪನ ಹೆಣ ಕೂತಿದೆ, ಕಣ್ಣೀರು ಆರಿಲ್ಲ, ನನ್ನ ವಕೀಲಿ ಬುದ್ಧಿ ಅಣ್ಣನ ಪರವಾಗಿ ವಾದ ಕಟ್ಟುತ್ತಿತ್ತು: ಕುಣಿ ತೋಡಿದ್ದು ಮಷೀನು. ಇವರು ಹಾಕಿದ್ದು ಒಂದು ಪೆಟ್ಟು. ಒಂದು ಪೆಟ್ಟಿಗೆ ಕುಣಿ ತೋಡಿಸಿದರು ಅನ್ನಲಾದೀತೇ? ಒಳ್ಳೆಯ ವಾದ ಅನಿಸಿ ಮನಸ್ಸಿಗೆ ಹಗುರವೂ ಆಯಿತು. ಆಮೇಲೆ ಅಪ್ಪನನ್ನು ಕೂರಿಸಿ, ವಿಭೂತಿ, ಪತ್ರಿ ಹಾಕಿ, ಎಲ್ಲರೂ ಮಣ್ಣು ಕೊಟ್ಟರು. ನಾನೂ ಒಂದು ಹಿಡಿ ಮಣ್ಣು ಕೊಟ್ಟೆ.

ಮೂರನೇ ದಿನ ಅವ್ವ ಮರದ ತುಂಬ ಜೋಳ ತುಂಬಿ ಮೇಲೊಂದು ಸೀರೆ ಇಟ್ಟಳು. ಗುದ್ದಲಿ ಹಾಕಿದ ಮನೆಗೆ ಅದನ್ನು ಸತ್ತವರ ಮಗಳೇ ಒಯ್ಯಬೇಕೆಂದು ರಿವಾಜು. ನಾನು ಇಲ್ಲ ಅನ್ನಲಿಲ್ಲ. ಹೇಗೂ ಅವರ ಮನೆಗೆ ಹೋಗಿ ಮಾಫಿ ಕೇಳಬೇಕು ಅಂತ ರಾತ್ರಿಯಿಡೀ ಅಂದುಕೊಂಡಿದ್ದೆ, ಇದೊಂದು ನೆಪ ಸಿಕ್ಕಿತು ಎಂದೇ ಎಣಿಸಿದೆ. ಮರ ಸೊಂಟಕ್ಕಿಟ್ಟು ನಡೆದೆ.

ಅವರ ಮನೆಯ ಹೊರಗೋಡೆಗೆ ಹೊಸ ಸುಣ್ಣ, ಒಳಗೆ ಎದುರಿಗೆ ಬುದ್ಧನ ಫೋಟೋ. ಅವರ ತಾಯಿ ಹೊಸ್ತಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದರು. ನನ್ನನ್ನು ಕಂಡು ಏಳಲು ಹೋದರು. ಮಗ ಒಳಗಿನಿಂದ ಬಂದು ತಾಯಿಯ ಹೆಗಲ ಮೇಲೆ ಕೈಯಿಟ್ಟು ಕೂರಿಸಿದರು.

“ನಾ ಮಾಫಿ ಕೇಳಾಕ ಬಂದೀನಿ” ಎಂದೆ.

ಅವರು ನನ್ನ ಮುಖ ನೋಡಲಿಲ್ಲ. “ಮರ ತಗೊಂಡು ಬಂದೀರಿ” ಎಂದರು.

ನನಗೆ ಅದನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ನೆಲಕ್ಕಿಟ್ಟರೆ ಕೊಟ್ಟ ಹಾಗಾಗುತ್ತದೆ. ಸೊಂಟದ ಮೇಲೇ ಹಿಡಿದು ನಿಂತೆ.

“ಕೇಸ್ ಕೊಡಾಕತ್ತೀನ್ರಿ” ಎಂದರು ಅವರು. ಸಿಟ್ಟಿನ ದನಿಯಲ್ಲ, ನಿರ್ಧಾರ ಮಾಡಿ ಮುಗಿಸಿದವರ ದನಿ. “ಯಾರ ಬಾಯಿಂದ ಮಾತು ಬಂತೋ ಅವರ ಹೆಸರು ಬರೀರಿ ಅಂದಿದ್ರಿ, ಬರೀತೀನಿ. ನಿಮ್ಮಣ್ಣ ಫೋನಿನ್ಯಾಗ ಅಂದದ್ದು ಅಲ್ಲಿ ನಿಂತವರೆಲ್ಲ ಕೇಳ್ಯಾರ. ಹೇಳೋದು ಬಿಡೋದು ಅವರಿಗೆ ಬಿಟ್ಟದ್ದು.”

“ನಾನೂ ಕೇಳೀನಿ” ಎಂದೆ.

“ಗೊತ್ತದ್ರಿ. ನಂಗ ನಿಮ್ಮ ಜ್ವಾಳ ಬ್ಯಾಡ, ಮಾಫಿನೂ ಬ್ಯಾಡ. ನಾವು ನಿಮ್ಮ ಮನಿ ಮಂದಿ ಅಲ್ಲ ಅಂತ ಒಂದು ಸಲ ಎಲ್ಲರೆ ಬರೀಲಿ. ನಾಳೆ ನಿಮ್ಮಣ್ಣ ಸತ್ತಾಗ ನನ್ನ ಮಗಳ ಗಂಡಗ ಫೋನ್ ಬರಬಾರದು. ಅಷ್ಟೇ ನೋಡ್ರಿ ನನ್ನ ಕೇಸು.”

ತುಂಬಿದ ಮರ ಹೊತ್ತು ಊರ ನಡುವಿನಿಂದ ಹಿಂದೆ ಬಂದೆ. ಗಿರಣಿಯ ಮುಂದೆ ಕೂತವರು ಮಾತು ನಿಲ್ಲಿಸಿ ನೋಡಿದರು. ಒಯ್ದ ಮರ ಹಾಗೇ ತಿರುಗಿ ಬಂದದ್ದು ಆ ಊರಲ್ಲಿ ಅದೇ ಮೊದಲು. “ಯಾಕ, ಮನ್ಯಾಗ ಇರಲಿಲ್ಲೇನು?” ಎಂದಳು ಅವ್ವ. “ಇದ್ರು” ಎಂದೆ. ಅವ್ವ ಜೋಳವನ್ನು ಚೀಲಕ್ಕೆ ಸುರಿದಳು.

ಅವರು ಹೇಳಿದಂತೆ ದೂರು ಕೊಟ್ಟರು. ಮರುದಿನವೇ ಅಣ್ಣ ಬದುವಿಗೆ ಜಾಲಿ ಮುಳ್ಳು ಬಡಿದ. ಅಲ್ಲಿ ನಿಂತಿದ್ದ ಹಿರಿಯರೆಲ್ಲ ‘ತಾನಾಗಿ ಬಂದು ಹಾಕ್ಯಾನ್ರಿ, ಯಾರೂ ಕರದಿಲ್ಲ’ ಎಂದು ಹೇಳಿಕೆ ಕೊಟ್ಟರು, ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಹಚ್ಚಿದ ಹಾಗೆ. ಜೆಸಿಬಿ ಡ್ರೈವರ್ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ ಎಂದ. ಕೊನೆಗೆ ಉಳಿದವಳು ನಾನು. ನಾನು ಕೇಳಿದ್ದೇನೆ ಎಂದರೆ ಕೇಸು ನಿಲ್ಲುತ್ತದೆ, ಇಲ್ಲವೆಂದರೆ ಬಿದ್ದುಹೋಗುತ್ತದೆ, ಅವರ ಮೇಲೆಯೇ ಸುಳ್ಳು ದೂರಿನ ಹಣೆಪಟ್ಟಿ ಬೀಳುತ್ತದೆ.

ಅಣ್ಣ ಫೋನ್ ಮಾಡಿದ. “ಸುಳ್ಳು ಹೇಳು ಅನ್ನಂಗಿಲ್ಲ ತಂಗಿ. ಅಳಾಕತ್ತಿದ್ದೆ, ಲಕ್ಷ್ಯ ಇರಲಿಲ್ಲ ಅನ್ನು. ಅಪ್ಪ ಸತ್ತ ದಿನ ಯಾವ ಮಗಳಿಗೆ ಲಕ್ಷ್ಯ ಇರ್ತದ?” ಎಷ್ಟು ನಯವಾದ ದಾರಿ! ಅವ್ವ ಮಾತ್ರ ನೇರವಾಗಿ ಕೇಳಿದಳು: “ಅಪ್ಪ ಹ್ವಾದ. ಈಗ ಅಣ್ಣನ್ನೂ ಕಳಸ್ತೀಯೇನು?” ಫೋನ್ ಇಟ್ಟು ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಕೋರ್ಟಿನ ಕ್ಯಾಂಟೀನಿನಲ್ಲಿ ಒಬ್ಬ ಹಿರಿಯ ವಕೀಲರು, ಅಣ್ಣ ತನ್ನ ಕೇಸಿಗೆ ಅವರನ್ನು ಹಿಡಿದಿದ್ದ, ನನ್ನ ಎದುರು ಕೂತು ಭಜಿ ಮುರಿಯುತ್ತ ಹೇಳಿದರು: “ಚಿಂತಿ ಮಾಡಬ್ಯಾಡ್ರಿ ಮೇಡಂ. ತೋಡಿದ್ದು ಮಷೀನು. ಆತ ಹಾಕಿದ್ದು ಒಂದು ಪೆಟ್ಟು. ಒಂದು ಪೆಟ್ಟಿಗೆ ಕುಣಿ ಆಗ್ತದೇನ್ರಿ?” ಯಾರಿಗೂ ಹೇಳದೆ ಒಳಗೇ ಮುಚ್ಚಿಟ್ಟುಕೊಂಡಿದ್ದ ನನ್ನ ವಾದವನ್ನೇ ಅವರು ತಟ್ಟೆಯಲ್ಲಿಟ್ಟು ತಂದಿದ್ದರು. ಬೇರೆಯವರ ಬಾಯಲ್ಲಿ ಕೇಳಿದಾಗ ಅದು ಎಂಥ ಹೊಲಸು ಮಾತು ಎಂದು ಗೊತ್ತಾಯಿತು. ಒಂದು ಪೆಟ್ಟಿಗೆ ಕುಣಿ ಆಗುವುದಿಲ್ಲ, ನಿಜ. ಹಾಗಾದರೆ ಆ ಒಂದು ಪೆಟ್ಟು ಯಾಕೆ ಬೇಕಾಗಿತ್ತು? ಕುಣಿಗೆ ಬೇಕಾಗಿರಲಿಲ್ಲ, ನಮಗೆ ಬೇಕಾಗಿತ್ತು. ಕರೆದರೆ ಬರುತ್ತಾರೆ ಎಂಬುದನ್ನು ನೋಡುವುದು ನಮಗೆ ಬೇಕಾಗಿತ್ತು.

ಇಷ್ಟು ತಿಳಿದ ಮೇಲೂ ಕೂಡಲೇ ಹೋಗಿ ಹೇಳಿಕೆ ಕೊಟ್ಟೆನೆಂದು ಬರೆಯಲಾರೆ. ಪೊಲೀಸರು ಕರೆದಾಗಲೆಲ್ಲ ಇವತ್ತು ಕೋರ್ಟಿನಲ್ಲಿ ತಾರೀಖು ಇದೆ, ನಾಳೆ ಮೈಯಲ್ಲಿ ಹುಷಾರಿಲ್ಲ ಎಂದು ಮುಂದೆ ತಳ್ಳಿದೆ. ಕರೆದಾಗ ಬರುವುದಿಲ್ಲ ಎನ್ನುವ ಸ್ವಾತಂತ್ರ್ಯ ನನಗೆ ಎಷ್ಟು ಸುಲಭಕ್ಕೆ ಸಿಕ್ಕಿತ್ತು. ಆ ನಡುವೆ ಅಕಾಲಕ್ಕೆ ಮೋಡ ಕವಿದು ಮಳೆ ಹೊಡೆಯಿತು. ಅಪ್ಪನ ತಿಂಗಳ ಕಾರ್ಯಕ್ಕೆ ಊರಿಗೆ ಹೋದಾಗ ಹಿತ್ತಲಲ್ಲಿ ನಿಂತು ನೋಡಿದೆ. ಜಾಲಿ ಮುಳ್ಳಿನ ಆಚೆ ಅವರ ತೊಗರಿಯ ಬಣವಿ ಕಪ್ಪಾಗಿ ಕುಸಿದಿತ್ತು. ಮೊಳಕೆ ಒಡೆದಿತ್ತೆಂದು ಆಮೇಲೆ ಕೇಳಿದೆ. ಅಣ್ಣ ಮುಳ್ಳು ಬಡಿದ, ಮಳೆ ಬಂತು, ಆದರೆ ನಾನು ಹೇಳಿಕೆ ಕೊಟ್ಟಿದ್ದರೆ ಪೊಲೀಸರು ಮುಳ್ಳು ತೆಗೆಸುತ್ತಿದ್ದರು, ಬಣವಿಯನ್ನು ಅಷ್ಟು ದಿನ ಅಲ್ಲಿ ಕೂರಿಸಿದ್ದು ನನ್ನ ತಾರೀಖುಗಳೇ.

ಮರುದಿನ ಹುಮನಾಬಾದಿನ ಡಿವೈಎಸ್‌ಪಿ ಕಚೇರಿಗೆ ಹೋದೆ. ಇಂಥ ಕೇಸುಗಳ ತನಿಖೆ ಅಲ್ಲೇ ನಡೆಯುವುದು. ಬಾಗಿಲ ಹೊರಗಿನ ಬೆಂಚಿನ ಮೇಲೆ ಅವರೂ ಕೂತಿದ್ದರು, ಯಾವುದೋ ಕಾಗದಕ್ಕೆ ಸಹಿ ಮಾಡಲು ಕರೆಸಿದ್ದರಂತೆ. ನಾನು ನಮಸ್ಕಾರ ಅಂದೆ. ಅವರು ಕಾಲು ಹಿಂದೆಳೆದು ದಾರಿ ಬಿಟ್ಟರು.

ಒಳಗೆ ಬರೆದುಕೊಳ್ಳುವವರು ಕಂಪ್ಯೂಟರ್ ಮುಂದೆ ಕೂತು ಮೊದಲಿನಿಂದ ಕೇಳುತ್ತ ಹೋದರು. ಬಾಗಿಲು ತೆರೆದೇ ಇತ್ತು.

“ಆರೋಪಿ ನಿಮಗ ಏನಾಗಬೇಕ್ರಿ?”

“ಒಡಹುಟ್ಟಿದ ಅಣ್ಣ.”

“ಫಿರ್ಯಾದಿ ನಿಮಗ ಏನಾಗಬೇಕ್ರಿ?”

ಹುಟ್ಟಿದಾಗಿನಿಂದ ಕೇಳುತ್ತ ಬಂದ ಮಾತು ತಾನಾಗಿ ನಾಲಿಗೆಯ ತುದಿಗೆ ಬಂತು. ತಡೆದೆ. ಬೆಂಚಿನ ಕಡೆ ನೋಡಲಿಲ್ಲ.

“ಏನೂ ಆಗಬೇಕಾಗಿಲ್ರಿ” ಎಂದೆ. “ಅವರಿಗೂ ನಮ್ಮ ಮನಿಗೂ ಏನೂ ಸಂಬಂಧ ಇಲ್ಲ. ಹಂಗೇ ಬರೀರಿ.”

ಅವರು ಹಾಗೇ ಟೈಪ್ ಮಾಡಿದರು. ಆಮೇಲೆ ಅಣ್ಣ ಫೋನಿನಲ್ಲಿ ಅಂದ ಮಾತನ್ನು ಅಂದ ಹಾಗೆಯೇ ಹೇಳಿದೆ. ಆಗ ನೀವೇನು ಮಾಡಿದಿರಿ ಎಂದು ಕೇಳಿದರು. ಅವರನ್ನು ಕರೆಸಬೇಡ ಎಂದು ಒಂದು ಮಾತು ಹೇಳಿದೆ, ಆಮೇಲೆ ಸುಮ್ಮನಾದೆ, ಆಮೇಲೆ ಮಣ್ಣು ಕೊಟ್ಟೆ ಎಂದೆ. ಓದಿ ಹೇಳಿದರು.

ಹೊರಗೆ ಬಂದಾಗ ಅವರು ಎದ್ದು ನಿಂತು ಮೋಟಾರ್ ಸೈಕಲ್ಲಿನ ಕೀಲಿ ತೆಗೆಯುತ್ತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ನಾನು ನಿಂತೆ. ಅವರು ನನ್ನನ್ನು ದಾಟಿಕೊಂಡು ಮೆಟ್ಟಿಲಿಳಿದು, ಗಾಡಿ ಹೊರಳಿಸಿ, ಬಸವಕಲ್ಯಾಣದ ಕಡೆ ಹೋದರು. ನನಗೆ ಚುರುಕ್ ಎಂದಿತು. ಅಣ್ಣನನ್ನು ಕಳಕೊಂಡು ಬಂದಿದ್ದೇನೆ, ಒಂದು ಮಾತಾದರೂ ಬೇಡವೇ ಎಂದು ಸಿಟ್ಟು ಕೂಡ ಬಂತು. ರಸ್ತೆಯಲ್ಲಿ ಗಾಡಿ ಮರೆಯಾದ ಮೇಲೂ ಅಲ್ಲೇ ನಿಂತಿದ್ದೆ. ಯಾವುದಕ್ಕಾಗಿ ನಿಂತಿದ್ದೇನೆ ಎಂದು ನನಗೆ ಆಗ ಗೊತ್ತಾಯಿತು. ಏನೂ ಸಂಬಂಧ ಇಲ್ಲ ಎಂದು ಬರೆಸಿ ಹೊರಬಂದವಳು, ಬಾಗಿಲಲ್ಲಿ ನಿಂತು ಅವರಿಂದ ಒಂದು ಉಪಕಾರದ ಮಾತು ಬರಲೆಂದು ಕಾಯುತ್ತಿದ್ದೆ.